ಬಿಚ್ಚಿ ಒಯ್ಯಲು ಬಾರದ ರ‍್ಯಾಕು

ನನಗೆ ಸಿಟ್ಟು ಬಂದದ್ದು ಸಾಮಾನ್ಯವಾಗಿ ಯಾರಿಗೂ ತಿಳಿಯುವುದಿಲ್ಲ. ಲೋಕಲಿನಲ್ಲಿ ಯಾರಾದರೂ ನನ್ನ ಕಾಲು ತುಳಿದರೆ ನಾನೇ ಸಾರಿ ಹೇಳಿ ಸರಿದು ನಿಲ್ಲುತ್ತೇನೆ. ಆಫೀಸಿನಲ್ಲಿ ನನ್ನ ಮಾತನ್ನು ಬೇರೆಯವರು ತಮ್ಮದೆಂದು ಹೇಳಿದಾಗ ನೀರು ಕುಡಿಯುತ್ತೇನೆ. ಅಂಥ ನಾನು ಕಳೆದ ಚಳಿಗಾಲವನ್ನೆಲ್ಲ ಒಂದು ರ‍್ಯಾಕಿನ ಸಿಟ್ಟಿನಲ್ಲಿ ಕಳೆದೆ. ಮುಂಬಯಿಯ ಚಳಿಗಾಲ ಅಂಥ ದೊಡ್ಡದೇನಲ್ಲವಲ್ಲ ಎಂದು ನೀವು ಹೇಳಬಹುದು. ನಿಜ. ಸಿಟ್ಟು ಅದಕ್ಕಿಂತ ಸ್ವಲ್ಪ ಉದ್ದವೇ ಇತ್ತು.

ನನ್ನ ಹತ್ತಿರ ಒಂದು ರೆಕಾರ್ಡ್ ಪ್ಲೇಯರ್ ಇದೆ, ಅದಕ್ಕೊಂದು ಆಂಪ್ಲಿಫೈಯರ್, ಎರಡು ಸ್ಪೀಕರ್. ನೌಕರಿ ಹಿಡಿದ ಮೇಲೆ ಒಂದೊಂದಾಗಿ ಕೊಂಡದ್ದು. ಚೆಂಬೂರಿನ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಒಂದು ಸಣಕಲು ಟೀಪಾಯಿಯ ಮೇಲೆ ಇವು ಕೂತಿದ್ದವು. ಅವ್ವ ಅಡುಗೆಮನೆಯಿಂದ ಹಾಲಿಗೆ ಬಂದರೆ ಸಾಕು, ಪ್ಲೇಯರಿನ ಮುಳ್ಳು ಜಿಗಿಯುತ್ತಿತ್ತು. ನಿಧಾನಗತಿಯ ವಿಲಂಬಿತ ಖಯಾಲಿನ ಗಾಯಕ ನಿಷಾದದ ಹೊಸ್ತಿಲಲ್ಲಿ ನಿಂತು ಒಳಗೆ ಹೋಗಲೋ ಬೇಡವೋ ಎಂದು ಯೋಚಿಸುತ್ತಿರುವಾಗ, ಯಾರೋ ಬೆನ್ನಿಗೆ ಗುದ್ದಿದಂತೆ ಷಡ್ಜಕ್ಕೆ ಬಂದು ಬೀಳುತ್ತಿದ್ದ.

ಇದರಲ್ಲಿ ಮುಳ್ಳಿನ ತಪ್ಪೇನೂ ಇಲ್ಲ. ಅದರ ಕೆಲಸವೇ ನಡುಕವನ್ನು ಓದುವುದು. ಗಾಯಕನ ಗಂಟಲಿನ ನಡುಕ ಯಾವುದು, ನೆಲದ ಮೇಲೆ ಅವ್ವನ ಹಿಮ್ಮಡಿ ಹುಟ್ಟಿಸಿದ ನಡುಕ ಯಾವುದು ಎಂಬ ಭೇದ ಅದಕ್ಕಿಲ್ಲ. ಆದ್ದರಿಂದ ಪ್ಲೇಯರಿಗೆ ಭಾರವಾದ, ಅಲುಗದ ಆಸನ ಬೇಕು. ಇದು ಪರದೇಶದ ಶೋಕಿ ಎಂದು ಮೂಗು ಮುರಿಯುವವರು ನಮ್ಮ ಹಿರಿಯರನ್ನು ನೋಡಬೇಕು. ಅವರು ನೀರಿನ ಕೊಡಕ್ಕೆ ಸಿಂಬಿ ಮಾಡಿದರು, ತಬಲಾಕ್ಕೆ ಸಿಂಬಿ ಮಾಡಿದರು. ತುಳುಕುವುದಕ್ಕೂ ನುಡಿಯುವುದಕ್ಕೂ ಮೊದಲು ಕೂರಲು ಸರಿಯಾದ ಜಾಗ ಕೊಡಬೇಕೆಂದು ಅವರಿಗೆ ಗೊತ್ತಿತ್ತು.

ನಾನು ಕೇಳಿದ್ದೂ ಅಷ್ಟೇ. ಆದರೆ ರ‍್ಯಾಕು ಬೇಕೆಂದು ಮನೆಯಲ್ಲಿ ಬಾಯಿಬಿಟ್ಟ ದಿನವೇ ಮಲಾಡಿನ ಕಾಕುವಿನ ಫೋನು ಬಂತು. ಕಾಕು ಎಂದರೆ ಅಪ್ಪನ ತಮ್ಮನ ಹೆಂಡತಿ; ನಮ್ಮ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೂ ಅವಳಿಗೆ ಸುದ್ದಿ ಹೋಗುತ್ತದೆ. ಅವಳ ಮನೆಯ ಹತ್ತಿರ ಫರ್ನಿಚರ್ ಅಂಗಡಿಗಳ ಸಾಲೇ ಇದೆ. ಭಾನುವಾರ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಅಂಗಡಿಯವನು ಮೊದಲು ಕೇಳಿದ ಪ್ರಶ್ನೆ, “ಟೀವಿ ಕಿತನೇ ಇಂಚ್ ಕಾ ಹೈ?” ಟೀವಿಗಲ್ಲ ಎಂದೆ. ಹಾಗಾದರೆ ಏತಕ್ಕೆ ಎಂಬಂತೆ ಅವನು ಕಾಕುವಿನ ಮುಖ ನೋಡಿದ. ಕಾಕು ನಿರಾಳವಾಗಿ ಹೇಳಿದಳು: “ಭೈಯ್ಯಾ, ಖುಲ್ನೇವಾಲಾ ದಿಖಾವ್. ಲಡ್ಕೀ ಕಾ ಸಾಮಾನ್ ಹೈ. ಕಲ್ ಶಾದೀ ಹೋಗಾ ತೋ ಲೇಕೇ ಜಾನಾ ಪಡೇಗಾ.”

ಹುಡುಗಿಯ ಸಾಮಾನಂತೆ, ನಾಳೆ ಮದುವೆಯಾದರೆ ಬಿಚ್ಚಿ ಒಯ್ಯಬೇಕಂತೆ; ನನಗೆ ಯಾವ ಶಾದಿಯೂ ನಿಶ್ಚಯವಾಗಿರಲಿಲ್ಲ. ಈ ಹೊತ್ತಿಗೂ ಆಗಿಲ್ಲ. ಆದರೂ ಅಂಗಡಿಯವನಿಗೆ ಎಲ್ಲವೂ ಅರ್ಥವಾಯಿತು. ಬಿಚ್ಚುವ, ಮಡಚುವ, ಗಾಲಿಯ ಮೇಲೆ ಉರುಳುವ ಸಾಮಾನುಗಳನ್ನೇ ಸಾಲಾಗಿ ತೋರಿಸಿದ. ಬೆರಳಿನಿಂದ ಮುಟ್ಟಿದರೆ ಅವೆಲ್ಲ ತಲೆಯಾಡಿಸುತ್ತಿದ್ದವು. “ಇವು ಅಲ್ಲಾಡ್ತಾವ ಕಾಕು,” ಎಂದೆ. “ಅಲ್ಲಾಡಿದ್ರ ಅಲ್ಲಾಡ್ವಲ್ದ್ಯಾಕ,” ಎಂದಳು. “ನೀ ಏನ್ ಅದರ ಮ್ಯಾಲ ಕುಂದರಾಕಿ ಏನು?”

ಬರಿಗೈಯಲ್ಲಿ ಹಿಂತಿರುಗುವಾಗ ಲೋಕಲಿನಲ್ಲಿ ಕೂತು ನನ್ನ ಸಾಮಾನುಗಳನ್ನೆಲ್ಲ ಮನಸ್ಸಿನಲ್ಲೇ ನೋಡಿದೆ. ನನ್ನ ಬಟ್ಟೆಯ ಕಪಾಟಿಗೆ ಗಾಲಿಗಳಿವೆ. ನನ್ನ ಓದುವ ಮೇಜು ಮಡಚುತ್ತದೆ. ನನ್ನ ಹಾಸಿಗೆ ಸುರುಳಿ ಸುತ್ತುತ್ತದೆ. ಇದು ಜಾಗವಿಲ್ಲದ ಊರಿನ ಜಾಣತನವೆಂದು ಇಷ್ಟು ವರ್ಷ ನಂಬಿದ್ದೆ. ಆದರೆ ಅದೇ ಮನೆಯಲ್ಲಿ ಅಣ್ಣನ ಮಂಚ ಮಡಚುವುದಿಲ್ಲ. ಅವನು ಪುಣೆಗೆ ಹೋಗಿ ಸಂಸಾರ ಹೂಡಿದ್ದಾನೆ. ಮಂಚ ಮಾತ್ರ ನಾಲ್ಕು ಕಾಲೂರಿ ಇಲ್ಲಿಯೇ ನಿಂತಿದೆ. ಹೋದವನ ಮಂಚ ಇದ್ದಲ್ಲೇ ಇದೆ. ಇದ್ದವಳ ಸಾಮಾನು ಹೊರಟು ನಿಂತಿದೆ. ಅಷ್ಟು ಸಿಟ್ಟಿನಲ್ಲಿ ನಾನು ಕುರ್ಲಾದಲ್ಲಿ ಇಳಿದು ಚೆಂಬೂರಿನ ಗಾಡಿ ಹಿಡಿಯುವುದನ್ನೇ ಮರೆತೆ.

ಕೊನೆಗೆ ಬಡಗಿಯನ್ನು ಕರೆಸಿದೆ. ದಪ್ಪ ಹಲಗೆ, ಅಂಟು ಹಾಕಿ ಕೂಡಿಸಿದ ಮೂಲೆಗಳು, ಗಾಳಿಯಾಡಲು ತೆರೆದ ಬೆನ್ನು: ಎಲ್ಲವನ್ನೂ ಚಿತ್ರ ಬರೆದು ಕೊಟ್ಟು ಆಫೀಸಿಗೆ ಹೋದೆ. ನಾನು ಮಾಡಿದ ತಪ್ಪು ಎಂದರೆ ಆಫೀಸಿಗೆ ಹೋದದ್ದು. ಸಂಜೆ ಬಂದು ನೋಡಿದರೆ ರ‍್ಯಾಕು ಸಿದ್ಧವಾಗಿತ್ತು, ನೋಡಲು ಚೆಂದವೂ ಇತ್ತು. ಮೂಲೆಮೂಲೆಗೂ ಅಂಟಿನ ಬದಲು ಹೊಳೆಯುವ ನಟ್ಟು-ಬೋಲ್ಟು.

“ನಾನಽ ಹೇಳಿ ಹಾಕಿಸೀನಿ,” ಎಂದಳು ಅವ್ವ ಸಂಭ್ರಮದಿಂದ. “ಬಿಚ್ಚಿದ್ರ ಒಂದು ಗೋಣಿಚೀಲದಾಗ ಹಿಡಿಸ್ತದ. ಮುಂದ ನಿನಗಽ ಛಲೋ ಆಗ್ತದ.”

ರೆಕಾರ್ಡು ಹಾಕಿದೆ. ಈಗ ಅವ್ವ ನಡೆಯುವುದೂ ಬೇಡವಾಗಿತ್ತು. ಕೆಳಗಿನ ರಸ್ತೆಯಲ್ಲಿ ಟ್ಯಾಂಕರ್ ಹೋದರೂ ಗಾಯಕ ಎಡವುತ್ತಿದ್ದ. ಅದು ಸಾಲದೆಂಬಂತೆ ಅವ್ವ ಕಾದ ಆಂಪ್ಲಿಫೈಯರಿನ ಮೇಲೆ ತನ್ನ ಕೈಯಾರೆ ಹೆಣೆದ ಕ್ರೋಶಾದ ಹೊದಿಕೆ ಹೊದಿಸಿದ್ದಳು, ಜ್ವರ ಬಂದ ಕೂಸಿಗೆ ಹೊದಿಸುವಂತೆ. ನಾನು ಅದನ್ನು ಎತ್ತಿ ಮಡಚಿಟ್ಟೆ. ನನ್ನ ಸ್ವಭಾವವೇ ಹಾಗೆ. ನನ್ನ ಜಗಳಗಳೆಲ್ಲ ಬಟ್ಟೆ ಮಡಚುವುದರಲ್ಲಿ ಮುಗಿಯುತ್ತವೆ.

ಇದು ಮುಗಿಯಲಿಲ್ಲ. ನೆಲದ ನಡುಕ ತಟ್ಟಬಾರದೆಂದರೆ ನೆಲವನ್ನೇ ಬಿಡಬೇಕು ಎಂಬ ಸಣ್ಣ ಜ್ಞಾನ ಆ ವಾರ ನನಗಾಯಿತು. ಗೋಡೆಗೆ ಕಬ್ಬಿಣದ ಕವೆ ಹೊಡೆಸಿ, ಅದರ ಮೇಲೆ ದಪ್ಪ ಹಲಗೆ ಕೂರಿಸಿ, ಅದರ ಮೇಲೆ ಪ್ಲೇಯರ್ ಇಟ್ಟರೆ ಯಾರು ಹೇಗೆ ನಡೆದರೂ ಚಿಂತೆಯಿಲ್ಲ. ಮನೆಯಲ್ಲಿ ಹೇಳಿದೆ.

“ಗ್ವಾಡಿಗೆ ತೂತು ಕೊರಸ್ತಿ?” ಎಂದಳು ಅವ್ವ. “ನಾಳೆ ನೀ ಹೋದ ಮ್ಯಾಲ ಆ ತೂತು ನೋಡಕೋತ ನಾವು ಕೂಡಬೇಕಾ?”

“ಅಣ್ಣ ಕಸರತ್ತು ಮಾಡ್ಲಿಕ್ಕೆ ಸರಳು ಹೊಡಸಿದಾಗ ಗ್ವಾಡಿ ಏನೂ ಅನ್ನಲಿಲ್ಲಲ್ಲ?”

“ಅವಂದು ಬ್ಯಾರೆ.”

“ಹೆಂಗ ಬ್ಯಾರೆ?”

ಅಪ್ಪ ಪೇಪರಿನ ಒಂದು ಪುಟವನ್ನು ಬಹಳ ಎಚ್ಚರಿಕೆಯಿಂದ ತಿರುವಿದರು.

“ನಾ ಹೋಗ್ತೀನೋ ಇಲ್ಲೋ, ಅದು ಆಮ್ಯಾಲಿನ ಮಾತು,” ಎಂದೆ. “ಈಗ ಇಲ್ಲೇ ಇದ್ದೀನಲ್ಲ ಅವ್ವ? ಇಷ್ಟು ವರ್ಷ ಇದ್ದೀನಿ. ಈ ಮನ್ಯಾಗ ಅಲ್ಲಾಡಲಾರದ್ದು ನಂದಂತ ಒಂದರ ಅದ ಏನು?”

ಏರಿದ ದನಿಯಲ್ಲಿ ಹೇಳಲಿಲ್ಲ. ನನಗೆ ಏರುದನಿ ಬರುವುದಿಲ್ಲ. ಅವ್ವ ಎದ್ದು ಅಡುಗೆಮನೆಗೆ ಹೋದಳು. ಮರುದಿನವೂ ಅದರ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದೇ ಹಾಲು, ಒಂದೇ ಬೆಡ್‌ರೂಮಿನ ಮನೆಯಲ್ಲಿ ಇಬ್ಬರು ಮಾತಿಲ್ಲದೆ ಓಡಾಡುವುದೂ ಒಂದು ಕಸರತ್ತೇ.

ಶನಿವಾರ ಬಡಗಿ ಡ್ರಿಲ್ಲಿಂಗ್ ಯಂತ್ರ ಹಿಡಿದು ಬಂದ. ಮಧ್ಯಾಹ್ನ ಮಲಗುವವರಿಗಾಗಿ ನಮ್ಮ ಸೊಸೈಟಿ ಗೋಡೆ ಕೊರೆಯುವುದನ್ನು ಆ ಹೊತ್ತಿನಲ್ಲಿ ನಿಷೇಧಿಸಿದೆ. ಅದಕ್ಕೇ ಬೆಳಿಗ್ಗೆಯೇ ಬರಲು ಹೇಳಿದ್ದೆ. ಗೋಡೆಯ ಮೇಲೆ ನಾನು ಪೆನ್ಸಿಲಿನಿಂದ ಗುರುತು ಹಾಕಿದ್ದೆ. ಅವನು ಗುರುತನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಅಪ್ಪನಿದ್ದ ಒಳಗಿನ ಕೋಣೆಯತ್ತ ನೋಡಿ, ಅವರ ಅಪ್ಪಣೆ ಆಗಿದೆಯೇ ಎಂಬಂತೆ ಕೇಳಿದ: “ಸಾಹಬ್ ಸೇ ಪೂಛ್ ಲಿಯಾ?”

ಬಾಯಿಗೆ ಬಂದ ಉತ್ತರವನ್ನು ಎಂದಿನಂತೆ ನಾನು ವ್ಯಾಕರಣಬದ್ಧವಾಗಿ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಅವ್ವನ ಧಾರವಾಡದ ಹಿಂದಿ ಕೇಳಿಸಿತು: “ಸಾಹಬ್ ಕೋ ಕಾಯ್ಕೂ ಪೂಛನಾ? ದೀವಾರ್ ಉಸ್ಕಾ ಹೈ. ಉಸ್ಕೋ ಪೂಛೋ.”

ಗೋಡೆ ನನ್ನದು, ನನ್ನನ್ನೇ ಕೇಳಬೇಕು ಎಂದು ಹೇಳಿ, ಹಳೆಯ ಪೇಪರು ತಂದು ನನ್ನ ಗುರುತಿನ ಕೆಳಗೆ ಹಾಸಿದಳು. ನನ್ನ ಕಡೆ ನೋಡಲಿಲ್ಲ. ಯಂತ್ರ ಕಿರುಚಿತು, ಸಿಮೆಂಟಿನ ಬಿಳಿ ಹಿಟ್ಟು ಉದುರಿತು. ನನ್ನ ಸಿಟ್ಟು ಎಲ್ಲಿ ಹೋಯಿತೆಂದು ಹುಡುಕಿದೆ; ಅದು ಪೂರ್ತಿ ಹೋಗಿರಲಿಲ್ಲ. ಇಷ್ಟು ಸಣ್ಣ ಮಾತಿಗೆ ಒಂದು ಇಡೀ ಚಳಿಗಾಲ ಯಾಕೆ ಬೇಕಾಯಿತು ಎಂಬ ಹೊಸ ಸಿಟ್ಟೂ ಜೊತೆಗೆ ಸೇರಿಕೊಂಡಿತ್ತು.

ಅಂದು ಸಂಜೆ ಅವ್ವ ಹಾಲಿನಲ್ಲಿ ಅತ್ತಿಂದಿತ್ತ ಅಡ್ಡಾಡುತ್ತ ಫೋನಿನಲ್ಲಿ ಮಾತಾಡಿದಳು. ಮುಳ್ಳು ಜಿಗಿಯಲಿಲ್ಲ. ಆ ಕಡೆ ಕಾಕು ಇದ್ದಳೆಂದು ಹೇಳಬೇಕಿಲ್ಲ. “ಇಲ್ಲವಾ, ಒಯ್ಲಿಕ್ಕೆ ಬರೂದಿಲ್ಲ ಅದು,” ಎನ್ನುತ್ತಿದ್ದಳು ಅವ್ವ. “ಒಯ್ಯೂದಽ ಬ್ಯಾಡ. ಹಾಡು ಕೇಳಬೇಕಂದ್ರ ಅವರಽ ಇಲ್ಲಿಗೆ ಬರ್ಲಿ.”

ನನ್ನನ್ನು ಮದುವೆ ಮಾಡಿಕೊಂಡು ಒಯ್ಯಬೇಕಾದ ಆ ‘ಅವರು’ ಯಾರು, ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ ಎಂದು ನನಗಿನ್ನೂ ಗೊತ್ತಿಲ್ಲ. ಬರುವವರಾದರೆ ಬರಲಿ. ವಿಲಂಬಿತ ಮುಗಿಯುವವರೆಗೆ ಚಹಾ ಸಿಗುವುದಿಲ್ಲ.