ಕಲ್ಲಿನ ಕೆಳಗೆ ಬೆಳೆ, ಕಲ್ಲಿನ ಮೇಲೆ ಒಲೆ

"ಕಲ್ಲಿನ ಕೆಳಗೆ ಬೆಳೆ, ಕಲ್ಲಿನ ಮೇಲೆ ಒಲೆ." ಜರಫ್ಶಾನ್ ಕಣಿವೆಯ ನಮ್ಮೂರಿನಲ್ಲಿ ಮಕ್ಕಳು ಮಾತು ಕಲಿಯುವಾಗಲೇ ಇದನ್ನೂ ಕಲಿಯುತ್ತಾರೆ. ಹಿಂದೊಮ್ಮೆ ಬೆಟ್ಟದ ಹಳ್ಳ ಹುಚ್ಚೆದ್ದು ಕೆಸರು, ಬಂಡೆ ಸಮೇತ ಇಳಿದು ಊರನ್ನೇ ನುಂಗಿತ್ತಂತೆ. ಅದು ಏರಿದ್ದ ಕಡೆ ಮುತ್ತಾತಂದಿರು ಒಂದು ಚಪ್ಪಡಿ ನೆಟ್ಟು, 'ಅಲ್ಲಾಹನ ಅಪ್ಪಣೆಯಿಂದ ನೀರು ಇಲ್ಲಿವರೆಗೆ ಬಂತು' ಎಂದು ಕೆತ್ತಿಸಿದ್ದರು. ಕಲ್ಲಿನ ಕೆಳಗೆ ಏಪ್ರಿಕಾಟ್ ತೋಟ, ಮೇಲೆ ಮನೆ. ಗಡಿ ಜಗಳ ಆ ಕಲ್ಲಿನ ಮುಂದೆಯೇ ತೀರುತ್ತಿತ್ತು. ಹೆಣ್ಣು ಕೊಡುವವರು ಗಂಡಿನ ಗುಣ ಕೇಳುವ ಮೊದಲು, ಅವನ ಮನೆ ಕಲ್ಲಿನ ಮೇಲೋ ಕೆಳಗೋ ಎಂದು ಕೇಳುತ್ತಿದ್ದರು.

ಆ ಕಲ್ಲನ್ನು ಕಿತ್ತವನು ನನ್ನ ಪಕ್ಕದ ಮನೆಯ ಕಲ್ಲುಕುಟಿಗ ಸಫರ್‌ಮುರೋದ್. ಬೆನ್ನು ಎತ್ತಿನದು, ಕಿವಿ ಮಗುವಿನದು. ಯಾರು ಹೊಗಳಿದರೂ ನಂಬುತ್ತಿದ್ದ. ಹೆಂಡತಿ ಬೇಗ ತೀರಿಕೊಂಡಳು. ಉಳಿದವಳು ಒಬ್ಬಳೇ ಮಗಳು, ಮೋಹ್ನಿಸೋ. ಅವಳಿಗೆ ಜಡೆ ಹಾಕುವುದನ್ನು ಅವನು ನನ್ನಿಂದಲೇ ಕಲಿತ. ಆ ಒರಟು ಕೈಗೆ ಅದು ಎಂದೂ ನೆಟ್ಟಗೆ ಬರಲಿಲ್ಲ.

ಸರ್ಕಾರದ ಸಾಮೂಹಿಕ ಬೇಸಾಯದ ಕೋಲ್ಖೋಜ್ ಮುರಿದು, ಹಳ್ಳದ ದಂಡೆಯ ಮಸೀದಿಯ ಬೀಗ ತೆಗೆದ ವರ್ಷ ಊರಿಗೆಲ್ಲ ಭಕ್ತಿ ಉಕ್ಕಿತು. ಊರ ಹಿರಿಯ ನಿಯೋಜ್ ಒಂದು ದಿನ ಎಲ್ಲರನ್ನೂ ಸೇರಿಸಿದ.

"ದೇವರ ಹೆಸರಿಗೆ ಆಡು ಬಂದು ಮೈ ಉಜ್ಜುತ್ತೆ, ನಾಯಿ ಬಂದು ಕಾಲೆತ್ತುತ್ತೆ. ನೋಡ್ಕೊಂಡು ಕೂತಿದ್ದೀವಲ್ಲ, ನಮಗೆ ಮಾನ ಮರ್ಯಾದೆ ಇಲ್ವೇನ್ರಯ್ಯಾ? ಆ ಕಲ್ಲನ್ನ ಮಸೀದಿ ಬಾಗಿಲಿಗೆ ತಂದು ನಿಲ್ಸೋಣ."

ನಾಯಿ ಕಾಲೆತ್ತಲಿ ಬಿಡಿ ಎಂದು ಹೇಳುವವರು ಯಾರು? ಮಸೀದಿಗೂ ಕಲ್ಲಿಗೂ ನಡುವೆ ನಿಯೋಜನ ಜಮೀನೇ ಹೆಚ್ಚಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಎಲ್ಲರ ಮನೆಯಲ್ಲೂ ಬೇರೆ ಮನೆ ಕಟ್ಟಲು ಜಾಗವಿಲ್ಲದೆ ಮದುವೆಯಾದ ಗಂಡುಮಕ್ಕಳು ಒಂದೇ ಸೂರಿನಡಿ ಕಚ್ಚಾಡುತ್ತಿದ್ದರು. ಸಫರ್‌ಮುರೋದ್ ಚಪ್ಪಡಿಯನ್ನು ಬೆನ್ನಿಗೆ ಕಟ್ಟಿಕೊಂಡು ಇಳಿದ. ಹಿಂದೆ ಊರೆಲ್ಲ ಪ್ರಾರ್ಥನೆ ಹೇಳುತ್ತ ಬಂತು. ಕಲ್ಲು ಮಸೀದಿಯ ಬಾಗಿಲ ಪಕ್ಕ ನಿಂತಿತು. ಅವನಿಗೆ ಹೊಸ ನಿಲುವಂಗಿ ತೊಡಿಸಿದರು. ಅದನ್ನು ಅವನು ಸೆಕೆಯಲ್ಲೂ ತೆಗೆಯಲಿಲ್ಲ.

ಕಲ್ಲು ಇಳಿಯಿತು, ಗಾದೆ ಮಾತ್ರ ಇದ್ದಲ್ಲೇ ಇತ್ತು. ಮಸೀದಿಯಿಂದ ಮೇಲಿನ ತೋಟಗಳೆಲ್ಲ ಈಗ 'ಕಲ್ಲಿನ ಮೇಲೆ' ಆದವು. ಮರ ಉರುಳಿದವು, ಗೋಡೆ ಎದ್ದವು. ಮೋಹ್ನಿಸೋ ಗಂಡನ ಮನೆಯಲ್ಲಿ ಮೂವರು ಓರಗಿತ್ತಿಯರ ನಡುವೆ ಒಂದು ಮೂಲೆಯಲ್ಲಿ ಸಂಸಾರ ಮಾಡುತ್ತಿದ್ದಳು. ಅಪ್ಪ ತನ್ನ ತೋಟ ಕಡಿದು ಅವಳಿಗೆ ಮನೆ ಕಟ್ಟಿಕೊಟ್ಟ. ಗೋಡೆಗೆ ಮಣ್ಣು ಮೆತ್ತುತ್ತ ಅವಳು ಕೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಅಲ್ಲಪ್ಪಾ, ಕಲ್ಲು ಕೆಳಗೆ ಬಂತು ಅಂತ ನೀರಿಗೆ ಯಾರು ಹೇಳಿದ್ರು?"

"ಬಾಯಿ ನೋಡು ಇವಳದು! ಕಲ್ಲಿನ ಮೇಲೆ ಒಲೆ ಅಂದಿಲ್ವಾ ದೊಡ್ಡೋರು? ಗಾದೆ ಸುಳ್ಳಾಗುತ್ತಾ?"

ಅವಳು ನಕ್ಕಳು. ಸ್ವಂತ ಒಲೆಯ ಆಸೆ ಅವಳಿಗೂ ಇತ್ತು. ಅವಳ ಹೊಸ ತಂದೂರಿಗೆ ಮೊದಲ ಹಿಟ್ಟು ಕೊಟ್ಟವಳು ನಾನು.

ಕೆಲವು ಬೇಸಿಗೆ ಏನೂ ಆಗಲಿಲ್ಲ. ಆಮೇಲೊಂದು ಮಧ್ಯಾಹ್ನ ಊರಲ್ಲಿ ಬಿಸಿಲು, ಬೆಟ್ಟದ ತುದಿಯಲ್ಲಿ ಕಪ್ಪು ಮೋಡ. ಬಂಡೆ ಉರುಳುವ ಸದ್ದು ಕೇಳಿ ಮೇಲಿನ ಕೇರಿಯಲ್ಲಿ ಗೋಡೆ ಕಟ್ಟುತ್ತಿದ್ದ ಸಫರ್‌ಮುರೋದ್ ಕೆಳಗೆ ಓಡಿದ. ಮೋಹ್ನಿಸೋ ರೊಟ್ಟಿ ಬಡಿಯುತ್ತಿದ್ದಳು. ಅವಳ ಗಂಡ ಕುರಿ ಹೊಡೆದುಕೊಂಡು ಮೇಲೆ ಹೋಗಿದ್ದವನು ಬದುಕಿದ. ಅಪ್ಪ ಮುಟ್ಟುವ ಹೊತ್ತಿಗೆ ಮನೆಯೂ ಇರಲಿಲ್ಲ, ಮಗಳೂ ಇರಲಿಲ್ಲ. ಹಳೆಯ ಕಲ್ಲು ಕಿತ್ತ ಕುಣಿ ಇನ್ನೂ ಹಾಗೇ ಇತ್ತು. ಕೆಸರು ಅದರ ಅಂಚಿಗೆ ಬಂದು ನಿಂತಿತ್ತು, ಪರಿಚಯದವರ ಮನೆ ಬಾಗಿಲಿಗೆ ಬಂದು ನಿಂತ ಹಾಗೆ.

ಮಸೀದಿಯ ಗೋಡೆ ಬೀಳಲಿಲ್ಲ. ಕೆಸರು ತೋಡಿದಾಗ ಚಪ್ಪಡಿ ನಿಂತಲ್ಲೇ ಸಿಕ್ಕಿತು. ನಿಯೋಜ್ ಕಣ್ಣೀರು ಒರೆಸಿಕೊಂಡು, "ನೋಡಿದ್ರಾ, ದೇವರ ಹೆಸರಿಗೆ ಕೂದಲೂ ಕೊಂಕಲಿಲ್ಲ!" ಎಂದ. ನನ್ನ ಕೈಯಲ್ಲಿ ಸಲಿಕೆ ಇತ್ತು. ಅದನ್ನು ಅವನ ತಲೆಯ ಮೇಲೆ ಎತ್ತಲಿಲ್ಲವಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಗೋರಿಗಳ ಮೇಲೆ ಹುಲ್ಲು ಬಂದ ಮೇಲೆ ಮತ್ತೆ ಸಭೆ ಸೇರಿತು. ಮಸೀದಿಗೆ ತಂದ ಕಲ್ಲು ಅಲ್ಲೇ ಇರಲಿ, ಹಳೆಯ ಕುಣಿಯಲ್ಲಿ ಹೊಸ ಕಲ್ಲು ನೆಡೋಣ ಎಂದು ಮಾತಾಯಿತು. ಎಲ್ಲರೂ ಸಫರ್‌ಮುರೋದನ ಕಡೆ ನೋಡಿದರು.

"ಕೆತ್ತಿ ಕೊಡ್ತೀನಿ. ಆದ್ರೆ ದೇವರ ಹೆಸರು ಹಾಕಲ್ಲ," ಎಂದ ಅವನು.

"ತೋಬಾ, ತೋಬಾ! ಮತ್ತಿನ್ನೇನು ಹಾಕ್ತೀಯಯ್ಯಾ?" ನಿಯೋಜ್ ಕೆನ್ನೆ ಬಡಿದುಕೊಂಡ.

"ನನ್ನ ಮಗಳ ಹೆಸರು. ದೇವರ ಹೆಸರು ಹಾಕಿದ್ರೆ ಮರ್ಯಾದೆ ಮಾಡ್ತೀವಿ ಅಂತ ಮತ್ತೆ ಕೆಳಗೆ ತರ್ತೀರಿ. ಕಲ್ಲುಕುಟಿಗನ ಮಗಳಿಗೆ ಯಾವನು ಮರ್ಯಾದೆ ಮಾಡ್ತಾನೆ? ಆಡು ಉಜ್ಜಲಿ, ನಾಯಿ ಉಚ್ಚೆ ಹೊಯ್ಯಲಿ. ಇದ್ದಲ್ಲಿ ಇರ್ತಾಳೆ."

ಅವನು ಕೆತ್ತಿದ, ಒಬ್ಬನೇ ಹೊತ್ತು ನೆಟ್ಟ. 'ಮೋಹ್ನಿಸೋ', ಅಷ್ಟೇ. ಕೆಳಗೆ ಉಳಿದಿದ್ದ ಮನೆಗಳವರು ಒಬ್ಬೊಬ್ಬರಾಗಿ ಮೇಲೆ ಬಂದರು. ಆಡುಗಳು ಬಂದು ಮೈ ಉಜ್ಜಿದವು. ಅವನು ಅಟ್ಟಲಿಲ್ಲ.

ಈಗ ಅವನ ಬೆನ್ನು ಬಾಗಿದೆ. ಮೋಹ್ನಿಸೋಳನ್ನು ಕಂಡಿರದ ಸೊಸೆಯಂದಿರು ಊರಿಗೆ ಬಂದಿದ್ದಾರೆ. ಹೋದ ವಸಂತದಲ್ಲಿ ಯಾರೋ ಆ ಕಲ್ಲಿಗೆ ಹರಕೆ ಎಂದು ಕೆಂಪು ಬಟ್ಟೆಯ ಚೂರೊಂದನ್ನು ಕಟ್ಟಿದರು. ಆಮೇಲೆ ಇನ್ನೊಬ್ಬರು ಕಟ್ಟಿದರು. ಮೊನ್ನೆ ನಿಯೋಜನ ಮೊಮ್ಮಗನ ಹೆಂಡತಿ ರೊಟ್ಟಿ ಒಯ್ಯಲು ಬಂದವಳು ನನ್ನನ್ನು ಕೇಳಿದಳು: "ಅಜ್ಜೀ, ಆ ಮೋಹ್ನಿಸೋ ಅನ್ನೋ ಪುಣ್ಯಾತ್ಗಿತ್ತಿ ಬಂಜೆಯರಿಗೆ ಮಕ್ಕಳು ಕೊಡ್ತಾಳಂತೆ, ಹೌದಾ? ಪಾಪ, ಬಿಸಿಲಲ್ಲಿ ನಿಂತಿದ್ದಾಳೆ. ಮಸೀದಿ ಹತ್ರ ಒಂದು ಗುಮ್ಮಟ ಕಟ್ಟಿ ಅವಳನ್ನ ಕೆಳಗೆ ತರ್ಬೋದಲ್ವಾ?"

ಸಫರ್‌ಮುರೋದನಿಗೆ ಇದನ್ನು ಹೇಳಿದೆ. ಅವನು ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ತೆಗೆದುಕೊಂಡು ಕಲ್ಲಿನ ಕಡೆ ನಡೆದ.

ಬಟ್ಟೆಯ ಚೂರುಗಳನ್ನೆಲ್ಲ ಕತ್ತರಿಸಿ ಹಳ್ಳಕ್ಕೆ ಎಸೆದ. ಆಮೇಲೆ ನನ್ನ ಆಡನ್ನು ತಂದು ಕಲ್ಲಿಗೆ ಕಟ್ಟಿದ.