ಕಂಬದ ಬುಡದಲ್ಲಿ ಕುದಿದ ನೆಲ

ತೊಂಬತ್ತರ ದಶಕದ ಕೊನೆ. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದವಳು ರಜೆಗೆ ದೊಡ್ಡಉಳ್ಳಾರ್ತಿ ಹತ್ತಿರದ ನಮ್ಮೂರಿಗೆ ಬಂದಿದ್ದೆ. ಏನು ಓದುತ್ತೀಯ ಎಂದು ಅವ್ವ ಕೇಳಿದಾಗ ಜ್ವಾಲಾಮುಖಿಯ ಬಗ್ಗೆ ಹೇಳಿದೆ. ಆಳದಲ್ಲಿ ಬಂಡೆ ಕರಗುತ್ತದೆ, ಸುತ್ತಲಿನ ಗಟ್ಟಿ ಬಂಡೆಗಿಂತ ಹಗುರವಾಗಿ ಮೇಲೇರುತ್ತದೆ, ಮೇಲೆ ಬಂದಂತೆ ಒಳಗಿನ ಅನಿಲ ಹಿಗ್ಗಿ ಅದನ್ನು ಹೊರಗೆ ನೂಕುತ್ತದೆ. ಹಿರಿಯೂರಿನ ದಾರಿಯಲ್ಲಿ ದಿಂಬುಗಳಂತೆ ಬಿದ್ದಿರುವ ಕಲ್ಲುಗಳು ಹಾಗೆ ಸಮುದ್ರದ ತಳದಲ್ಲಿ ಉಕ್ಕಿ, ನೀರು ತಾಗಿ ಗಟ್ಟಿಯಾದವು. ಅದೆಲ್ಲ ಮುಗಿದು ನೂರಾರು ಕೋಟಿ ವರ್ಷವಾಯಿತು ಎಂದೂ ಹೇಳಿದ್ದೆ. ಅವ್ವ ಬೆಂಕಿಯನ್ನಷ್ಟೇ ನೆನಪಿಟ್ಟುಕೊಂಡಳು.

ಕೆಲವು ದಿನಗಳ ಮೇಲೆ ಗಾಳಿಮಳೆ ಬಂತು. ಮರುದಿನ ಬೆಳಿಗ್ಗೆ ಕುರಿ ಮೇಯುವ ಕಾವಲಿನ ಅಂಚಿನ ಕರೆಂಟ್ ಕಂಬದ ಬುಡದಲ್ಲಿ ನೆಲ ಕುದಿಯುತ್ತಿತ್ತು. ಕೆಂಪಗೆ ಉಕ್ಕಿ, ತುಸು ಹರಿದು, ಕಪ್ಪು ಗಾಜಿನಂತೆ ಸುಕ್ಕುಗಟ್ಟುತ್ತಿತ್ತು. ಲಾವಾದ ಬಗ್ಗೆ ನಾನು ಓದಿದ್ದೆ, ನೋಡಿರಲಿಲ್ಲ. ಒಂದು ಗಳಿಗೆ ನನಗೂ ಅನುಮಾನ ಬಂತು.

"ಓದಿರೋಳು ನೀನು, ಹೇಳವ್ವ," ಎಂದರು ದೊಡ್ಡಪ್ಪ. "ಭೂಮಿ ಒಳಗೆ ಬೆಂಕಿ ಐತಂತ ನಿಮ್ಮವ್ವ ಊರಿಗೆಲ್ಲಾ ಹೇಳ್ಕೊಂಡು ಬಂದವ್ಳೆ. ಇದೇ ಏನು?"

"ಹೌದಾದ್ರೆ ಬ್ಯಾಗ ಹೇಳು, ಕುರಿ ಹೊಡ್ಕೊಂಡು ಪರಶುರಾಂಪುರದ ಕಡೀಗೆ ಹೋಗ್ತೀವಿ," ಎಂದು ಹಿಂದಿನಿಂದ ಯಾರೋ ನಕ್ಕರು.

ನೆಲ ನಡುಗಿರಲಿಲ್ಲ, ಎಲ್ಲೂ ಉಬ್ಬಿರಲಿಲ್ಲ. ಕಂಬದ ಬುಡ ಬಿಟ್ಟರೆ ಸುತ್ತ ಬರೀ ಒದ್ದೆ ಮಣ್ಣು. ತಲೆಯೆತ್ತಿ ನೋಡಿದೆ. ತುಂಡಾದ ತಂತಿಯೊಂದು ಕಬ್ಬಿಣದ ಕಂಬಕ್ಕೆ ಆತುಕೊಂಡಿತ್ತು.

"ಕರೆಂಟು ನೆಲಕ್ಕೆ ಇಳೀತೈತೆ, ದೊಡ್ಡಪ್ಪ. ಅದ್ರ ಕಾವಿಗೆ ಮಣ್ಣು ಕರಗ್ತೈತೆ. ಹತ್ರ ಯಾರೂ ಹೋಗಬ್ಯಾಡ್ರಿ, ಲೈನ್ ಆಫ್ ಮಾಡಿಸ್ರಿ."

ದೊಡ್ಡಪ್ಪ ಅಂಗಡಿಯ ಫೋನಿನ ಕಡೆ ಓಡಿದರು.

ಆಗ ಅವ್ವ ಬಂದಳು. ಬರಿಗಾಲು, ಕೈಯಲ್ಲಿ ಹಿತ್ತಾಳೆ ಚೊಂಬು. ಅದರಲ್ಲಿ ದೇವರಿಗೆ ಬಿಟ್ಟ ಹಸುವಿನ ಮೀಸಲು ಹಾಲು. ಭೂಮಿತಾಯಿಯನ್ನು ತಣ್ಣಗೆ ಮಾಡಲು ತಂದದ್ದು. ನಮ್ಮಲ್ಲಿ ಮೀಸಲು ಹಿಡಿದವರು ಮಾತಾಡುವುದಿಲ್ಲ, ಅವರನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಿದರೆ ಮೀಸಲು ಮುರಿಯುತ್ತದೆ. ಜನ ಸರಿದು ದಾರಿ ಬಿಟ್ಟರು.

"ಅವ್ವ, ನಿಲ್ಲು. ಅದು ಕರೆಂಟು."

ಅವಳು ನನ್ನ ಕಡೆ ನೋಡಲಿಲ್ಲ. ಹಾಲು ಸುರಿಯುವ ಮೊದಲೇ ಆ ಹಸಿ ನೆಲದ ಕರೆಂಟು ಅವಳನ್ನು ಹಿಡಿದುಬಿಡುತ್ತಿತ್ತು.

"ಮೀಸಲಿಗೆ ಅಡ್ಡ ಹೋಗಬ್ಯಾಡ ಕಣೆ," ಎಂದಳು ಪಕ್ಕದ ಮನೆಯ ಅಜ್ಜಿ.

ಓಡಿಹೋಗಿ ಅವ್ವನ ಮಣಿಕಟ್ಟು ಹಿಡಿದುಕೊಂಡೆ. ಅರ್ಧ ಹಾಲು ನನ್ನ ಮೇಲೆ ಚೆಲ್ಲಿತು.

"ಮುಟ್ಟಿಬಿಟ್ಟೆಲ್ಲೇ," ಎಂದಳು, ಮೆಲ್ಲಗೆ.

ಮೀಸಲು ಮುರಿದಿತ್ತು, ಇನ್ನು ಅವಳು ಮುಂದೆ ಹೋಗುವಂತಿರಲಿಲ್ಲ. ಹಿಂದಕ್ಕೂ ತಿರುಗಲಿಲ್ಲ. ಯಾರೂ ನಮ್ಮ ಹತ್ತಿರ ಬರಲಿಲ್ಲ. ನಿಧಾನವಾಗಿ ಕಂಬದ ಬುಡದ ಕೆಂಪು ಕಂದಿತು.

"ಲೈನ್ ಹೋಗೈತೆ. ಕೈ ಬಿಡವ್ವ ಇನ್ನ," ಎಂದರು ದೊಡ್ಡಪ್ಪ, ಮರಳಿ ಬಂದು.

ಬಿಡಲು ನನ್ನಿಂದ ಆಗಲಿಲ್ಲ. ಮನೆಯವರೆಗೂ ಹಿಡಿದುಕೊಂಡೇ ನಡೆದೆ. ಅವ್ವ ಬಿಡಿಸಿಕೊಳ್ಳಲಿಲ್ಲ.