ಭಾಗಮ್ಮನಿಗೆ ನಾನು ಕೊಟ್ಟ ಉತ್ತರ

ನೀಲಾ, ನಿನ್ನ ತಾಯಿ ಭಾಗಮ್ಮನಿಗೆ ಅಂಟಿದ ಅಪವಾದ ನನ್ನ ಬಾಯಿಂದ ಹುಟ್ಟಿದ್ದು. ಬೆಳೆಸಿದವರು ಬೇರೆಯವರು, ನಿಜ — ಆದರೆ ಮೊದಲ ಮಾತು ನನ್ನದು.

ತೊಂಬತ್ತರ ದಶಕ. ಅಫಜಲಪುರ ತಾಲ್ಲೂಕಿನ ಒಂದು ಸಣ್ಣ ದವಾಖಾನೆಯಲ್ಲಿ ನಾನು ನರ್ಸು. ಇಪ್ಪತ್ನಾಲ್ಕು ವಯಸ್ಸು, ಮದುವೆಯಾಗಿರಲಿಲ್ಲ. ಏಡ್ಸ್ ಎಂಬ ಹೆಸರು ನಮ್ಮ ಕಡೆ ಆಗಷ್ಟೇ ಕೇಳಿಬರುತ್ತಿತ್ತು. ದವಾಖಾನೆಗೆ ಬಂದ ಹೆಂಗಸರನ್ನು ಕೂರಿಸಿಕೊಂಡು, ಈ ರೋಗ ಗೊತ್ತೇ, ಹೇಗೆ ಹರಡುತ್ತದೆ, ತಡೆಯಲು ಏನು ಮಾಡುತ್ತೀರಿ ಎಂದು ಕೇಳಿ ಬರೆದುಕೊಳ್ಳಬೇಕು, ತಿಳಿಯದವರಿಗೆ ತಿಳಿಸಬೇಕು. ಅದು ನನ್ನ ಕೆಲಸ. ಗುಲಬರ್ಗಾದಲ್ಲಿ ತರಬೇತಿಯೂ ಆಗಿತ್ತು. ಎಲ್ಲ ಗೊತ್ತಿತ್ತು ನನಗೆ. ಆದರೆ ನಿರೋಧ್ ಎಂಬ ಶಬ್ದ ಬಾಯಿಂದ ಹೊರಡುತ್ತಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಬೆಳೆದ ಹುಡುಗಿ, ಅತ್ತೆ-ಸೊಸೆ ಒಟ್ಟಿಗೆ ಕೂತಿರುವಾಗ ಅದನ್ನೆಲ್ಲ ಹೇಗೆ... ಕೇಳದೆಯೇ ಎಲ್ಲರ ಹಾಳೆಯಲ್ಲೂ ‘ತಿಳಿದಿದೆ’ ಎಂದು ಗುರುತು ಹಾಕಿಬಿಡುತ್ತಿದ್ದೆ.

ನಿನ್ನ ತಾಯಿ ಬಂದದ್ದು ಅತನೂರಿನಿಂದ, ಅತ್ತೆಯ ಮೊಣಕಾಲು ನೋವಿಗೆ ಔಷಧ ಕೊಡಿಸಲು. ಮದುವೆಯಾಗಿ ಎಂಟು ತಿಂಗಳಾಗಿತ್ತು. ಏಡ್ಸ್ ಬಗ್ಗೆ ಕೇಳೀಯೇನು ಎಂದೆ. ಅವಳು ಮುಂದೆ ಬಾಗಿ ಮೆಲ್ಲಗೆ ಕೇಳಿದಳು:

“ಸಿಸ್ಟರ್, ನಮ್ಮ ಮನ್ಯಾವ್ರು ಲಾರಿ ಹೊಡೀತಾರ್ರಿ. ಸೊಲ್ಲಾಪುರ, ಮುಂಬೈ ಅಂತ ತಿಂಗಳಗಟ್ಲೆ ಹೋಗ್ತಾರ. ಗಂಡನಿಂದ ಹೆಂಡ್ತಿಗಿ ಬರ್ತದೇನ್ರಿ ಇದು?”

ಹೌದು ಎನ್ನಬೇಕಿತ್ತು. ಒಂದೇ ಶಬ್ದ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅಂದೆ:

“ಮರ್ಯಾದಸ್ತ ಮನಿ ಹೆಣ್ಮಕ್ಳಿಗಿ ಅದೆಲ್ಲ ಬರೂದಿಲ್ಲವ್ವಾ. ನೀ ಯಾಕ ಚಿಂತಿ ಮಾಡ್ತಿ?”

“ಒಳಗ ಹೆದರಿಕಿ ಇತ್ರಿ. ಈಗ ಹಗುರಾತು,” ಎಂದು ನಕ್ಕಳು ನಿನ್ನ ತಾಯಿ. ಅತ್ತೆಯ ಕೈ ಹಿಡಿದು ಮೆಟ್ಟಿಲು ಇಳಿಸಿಕೊಂಡು ಹೋದಳು.

ಮರುವರ್ಷ ನೀನು ಹುಟ್ಟಿದೆ. ನಿನಗೆ ಪೋಲಿಯೋ ಹನಿ ಹಾಕಿದ್ದು ನಾನೇ. ನಿನಗೆ ಎಂಟು ತಿಂಗಳಾದಾಗ ನಿನ್ನ ತಂದೆ ಸೊಲ್ಲಾಪುರದಲ್ಲಿ ತೀರಿಕೊಂಡರು. ಟಿ.ಬಿ. ಅಂದರು ಮನೆಯವರು, ರಕ್ತ ಪರೀಕ್ಷೆ ಯಾರೂ ಮಾಡಿಸಿರಲಿಲ್ಲ. ಆಮೇಲೆ ನಿನ್ನ ತಾಯಿಗೆ ಬಿಡದ ಜ್ವರ. ಗುಲಬರ್ಗಾದಲ್ಲಿ ರಕ್ತ ಪರೀಕ್ಷೆಯಾಗಿ, ಅದೇ ರೋಗವೆಂದು ಗೊತ್ತಾಯಿತು.

ಅತ್ತೆ ಓಣಿಯವರ ಮುಂದೆ ಕೇಳಿದಳಂತೆ: “ಮರ್ಯಾದಸ್ತರಿಗಿ ಬರೂದಿಲ್ಲಂತ ಸಿಸ್ಟರ್ ನನ್ನ ಮುಂದ ಹೇಳ್ಯಾಳ. ಹಂಗಂದ್ರ ಇಕಿ ಎಂಥಾಕಿ? ನನ್ನ ಮಗನ್ನೂ ಇಕೀನ ತಿಂದಾಳ.”

ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು ನಿನ್ನ ತಾಯಿ ನನ್ನ ಹತ್ತಿರ ಬಂದಳು. ಬೈಯಲಿಲ್ಲ. ಬೈದಿದ್ದರೆ...

“ಒಂದ್ಸಲ ಮನಿಗಿ ಬರ್ರಿ ಸಿಸ್ಟರ್. ಗಂಡನಿಂದನೂ ಬರ್ತದಂತ ಅತ್ತಿಗಿ ಹೇಳ್ರಿ. ನೀವು ಹೇಳಿದ್ರ ಆಕಿ ಕೇಳ್ತಾಳ.”

“ನೋಡೋಣವ್ವಾ. ಈಗ ಡ್ಯೂಟಿ ಅದ.”

ಹೋದರೆ ನಾನು ಸುಳ್ಳು ಹೇಳಿದ್ದು ಬಯಲಾಗುತ್ತಿತ್ತು. ಆ ಹಾಳೆಗಳೆಲ್ಲ ಸುಳ್ಳೆಂದು ಗೊತ್ತಾಗುತ್ತಿತ್ತು. ಅವಳು ದವಾಖಾನೆ ಮುಚ್ಚುವವರೆಗೂ ಬೆಂಚಿನ ಮೇಲೆ ಕಾದಳು. ನಾನು ಹಿಂದಿನ ಬಾಗಿಲಿನಿಂದ ಹೊರಟುಹೋದೆ.

ಅದೇ ವಾರ ಅವಳು ನಿನ್ನನ್ನು ಕರೆದುಕೊಂಡು ಜೇವರ್ಗಿ ಕಡೆಯ ತವರಿಗೆ ಹೋದಳಂತೆ. ಐದು ತಿಂಗಳ ನಂತರ ತೀರಿಹೋದ ಸುದ್ದಿ ಬಂತು. ನಾನು ಯಾರಿಗೂ ಏನೂ ಹೇಳಲಿಲ್ಲ. ಕೆಲಸ ಮುಂದುವರಿಸಿದೆ, ಅವಧಿಗೆ ಮೊದಲೇ ಸ್ವಯಂ ನಿವೃತ್ತಿ ತೆಗೆದುಕೊಂಡೆ.

ಹೋದ ತಿಂಗಳು ಆಳಂದ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಸೋದರಮಾವ ಸಿಕ್ಕಿದ್ದರು. ನಿನಗೆ ಆ ರೋಗ ತಗುಲಲಿಲ್ಲವೆಂದು ತಿಳಿದದ್ದು ಆಗಲೇ. ತಾಯಿಯ ಹೆಸರು ತೆಗೆದರೆ ನೀನು ಎದ್ದು ಹೋಗುತ್ತೀಯಂತೆ. ಅದನ್ನು ಕೇಳಿದ ಮೇಲೆ ನನಗೆ —

ಅತನೂರಿಗೆ ಹೋದೆ. ನಿನ್ನ ಅಜ್ಜಿ ಈಗ ಹಾಸಿಗೆ ಹಿಡಿದಿದ್ದಾಳೆ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ.

“ಆಕಿ ನನ್ನ ಕಾಲು ಹಿಡ್ಕೊಂಡು ಇದ ಮಾತು ಹೇಳಿದ್ಳು,” ಎಂದಳು. “ನಾ ಆಕೀನ ನಂಬಲಿಲ್ಲ. ನಿನ್ನ ನಂಬಿದೆ.”

ಆಮೇಲೆ ಗೋಡೆಯ ಕಡೆ ಹೊರಳಿದಳು.

ನೀಲಾ, ನಿನ್ನ ತಾಯಿ ಯಾವ ತಪ್ಪೂ ಮಾಡಲಿಲ್ಲ. ಅಷ್ಟು ಹೆಂಗಸರಲ್ಲಿ ಕೇಳಬೇಕಾದದ್ದನ್ನು ಕೇಳಿದವಳು ಅವಳೊಬ್ಬಳೇ. ಕ್ಷಮಿಸು ಎಂದು ನಾನು ಕೇಳುತ್ತಿಲ್ಲ. ಕೇಳುವ ಮುಖ ನನಗಿಲ್ಲ. ನೀನು ಕರೆದ ದಿನ ಬಂದು ನಿಮ್ಮ ಓಣಿಯವರೆಲ್ಲರ ಎದುರು ಇದನ್ನು ಹೇಳುತ್ತೇನೆ. ಕರೆಯದಿದ್ದರೆ ಈ ಕಾಗದವನ್ನು ಯಾರಿಗೆ ಬೇಕಾದರೂ ಓದಿ ತೋರಿಸು. ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕುತ್ತೇನೆ.